ಏಳು ಹುಟ್ಟುಹಬ್ಬ, ಒಂದು ಫುಲ್ ಟಿಕೆಟ್

ಒಂದೇ ದಿನ ನಡೆಯುವ ಯಾವ ವಸ್ತುವಿಗೂ ದೊಡ್ಡ ರೊಕ್ಕ ಕೊಡಬಾರದು ಎಂಬುದು ನನ್ನ ಮತ. ಹಾಗಂತ ನಾನು ಜಿಪುಣನಲ್ಲ. ನನ್ನ ಹೆಂಡತಿ ರೇಣುಕಾ ಬೇರೆ ಏನಾದರೂ ಹೇಳಬಹುದು, ಆದ್ದರಿಂದ ಅವಳನ್ನು ಕೇಳಲು ಹೋಗಬೇಡಿ. ಒಂದು ತಾಡಪತ್ರಿ ಕೊಂಡರೆ ಮೂರು ಮಳೆಗಾಲ ಬರುತ್ತದೆ. ಬೂಟು ಕೊಂಡರೆ, ಅದರ ಮೇಲೆ ಕಬ್ಬಿಣದ ಪೈಪು ಬೀಳದಿದ್ದರೆ, ಎರಡು ವರ್ಷ ಬರುತ್ತದೆ. ಮೀನು ತಂದರೂ ಹೊಟ್ಟೆಗೆ ಸೇರಿ ಮರುದಿನ ಹೊರೆ ಎತ್ತಲು ಬಲ ಕೊಡುತ್ತದೆ. ಆದರೆ ಈ ಆಟದ ಪಾರ್ಕಿನ ಟಿಕೆಟ್ ನೋಡಿ. ಬೆಳಿಗ್ಗೆ ಕೈಗೆ ಒಂದು ಕಾಗದದ ಪಟ್ಟಿ ಕಟ್ಟುತ್ತಾರೆ, ಸಂಜೆ ನೀವೇ ಅದನ್ನು ಹರಿದು ಎಸೆಯುತ್ತೀರಿ. ನಡುವೆ ನಿಮ್ಮನ್ನು ತಲೆಕೆಳಗು ಮಾಡಿ ಅಲುಗಾಡಿಸಿ, ಕಿಸೆಯಲ್ಲಿ ಉಳಿದ ಚಿಲ್ಲರೆಯನ್ನೂ ಉದುರಿಸಿಕೊಳ್ಳುತ್ತಾರೆ. ಇಷ್ಟಕ್ಕೆ ಒಬ್ಬರಿಗೆ ನನ್ನ ಮೂರು ದಿನದ ಕೂಲಿ.

ನಾನು ಕಳಂಬೋಲಿಯ ಕಬ್ಬಿಣದ ಬಜಾರದಲ್ಲಿ ಹಮಾಲಿ ಮಾಡುತ್ತೇನೆ. ಪೈಪು, ಆ್ಯಂಗಲ್, ಸಳಿ, ಎಲ್ಲವನ್ನೂ ಸರಪಳಿಗೆ ಸಿಕ್ಕಿಸಿ ಕ್ರೇನಿನ ಕೊಕ್ಕೆಗೆ ಹಾಕುವುದು, ಗಾಡಿಯ ಮೇಲೆ ಇಳಿಸಿಕೊಳ್ಳುವುದು. ನಮ್ಮದು ಏಳು ಜನರ ಟೋಳಿ, ಎಲ್ಲರೂ ಸಿಂದಗಿ ಕಡೆಯ ಒಂದೇ ಊರಿನವರು. ನಮ್ಮಲ್ಲಿ ಪ್ರತಿಯೊಂದಕ್ಕೂ ತೂಕ ಉಂಟು, ಟನ್ನಿಗೆ ಇಷ್ಟು ಅಂತ ಕೂಲಿ ಉಂಟು. ಖುಷಿ ಎಷ್ಟು ಟನ್ ಬಂತು ಎಂದು ತೂಗಿ ನೋಡಲು ಯಾವ ಕಾಟಾದಲ್ಲೂ ಆಗುವುದಿಲ್ಲ. ಇನ್ನೂ ಒಂದು ಮಾತು. ನಾವು ದಿನವಿಡೀ ಕಬ್ಬಿಣವನ್ನು ನೇತುಹಾಕಿ ರೊಕ್ಕ ತೆಗೆದುಕೊಳ್ಳುತ್ತೇವೆ. ಆ ಪಾರ್ಕಿನಲ್ಲಿ ಜನ ರೊಕ್ಕ ಕೊಟ್ಟು ತಮ್ಮನ್ನೇ ನೇತುಹಾಕಿಸಿಕೊಳ್ಳುತ್ತಾರೆ. ಇದು ಯಾವ ಬುದ್ಧಿ? ಏಳನೇ ಇಯತ್ತೆಗೆ ಶಾಲೆ ಬಿಟ್ಟವನಿಗೂ ಇಷ್ಟು ತಿಳಿಯುತ್ತದೆ.

ರೇಣುಕಾಗೆ ತಿಳಿಯುವುದಿಲ್ಲ, ಏಕೆಂದರೆ ಅವಳು ಬಾರಾವಿ, ಅಂದರೆ ಹನ್ನೆರಡನೇ ಇಯತ್ತೆ, ಪಾಸು. ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪ ಇಂಡಿ ಕಡೆಯಿಂದ ಬಂದು ಅಲ್ಲಿಯ ಬಣ್ಣದ ಕಾರ್ಖಾನೆಯಲ್ಲಿ ನಿಂತವರು. ಅವಳು ಲೆಕ್ಕ ಮಾಡುವುದು ಮರಾಠಿಯಲ್ಲಿ, ರಿಕ್ಷಾದವನಿಗೆ ಬೈಯುವುದು ಹಿಂದಿಯಲ್ಲಿ, ನನಗೆ ಬುದ್ಧಿ ಹೇಳುವುದು ಮಾತ್ರ ಕನ್ನಡದಲ್ಲಿ. ಈಗ ಕಾಮೋಠೆಯಲ್ಲಿ ನಮ್ಮ ಖೋಲಿಗೆ ಹತ್ತಿರವೇ ಒಬ್ಬ ಹಲ್ಲಿನ ಡಾಕ್ಟರ ಬಳಿ ಪೇಶಂಟುಗಳ ಹೆಸರು ಬರೆದುಕೊಳ್ಳುವ ಕೆಲಸ. ಅವಳು ಏಳನೇ ಇಯತ್ತೆಯಲ್ಲಿದ್ದಾಗ ಶಾಲೆಯವರು ಮಕ್ಕಳನ್ನೆಲ್ಲ ಈ ಪಾರ್ಕಿಗೇ ಪಿಕ್ನಿಕ್ ಕರೆದುಕೊಂಡು ಹೋದರಂತೆ. ಇವಳ ಅಪ್ಪ ‘ಮುಂದಿನ ವರ್ಷ’ ಎಂದರಂತೆ. ಮುಂದಿನ ವರ್ಷ ಶಾಲೆಯವರು ಒಯ್ದದ್ದು ಮ್ಯೂಸಿಯಮ್ಮಿಗೆ. ಮದುವೆಯಾದ ಮೊದಲ ತಿಂಗಳಲ್ಲೇ ಈ ಕತೆ ನನಗೆ ಹೇಳಿದಳು. ಕತೆ ಹೇಳಿದಳು ಅಂದುಕೊಂಡೆ. ಅರ್ಜಿ ಕೊಟ್ಟಿದ್ದಾಳೆ ಎಂದು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು.

ಆ ಮೂರು ವರ್ಷವೂ ನನ್ನ ಹತ್ತಿರ ಕಾರಣ ತಯಾರಿತ್ತು. ಮೊದಲ ಸಲ ‘ಮಳೆ, ಜಾರಿ ಬಿದ್ದರೆ?’ ಎಂದೆ. ಎರಡನೇ ಸಲ ‘ಬಿಸಿಲು, ತಲೆ ಸುತ್ತಿದರೆ?’ ಎಂದೆ. ಮೂರನೇ ಸಲ ಬೇರೇನೂ ಹೊಳೆಯದೆ, ‘ರವಿವಾರ ಹಾರ್ಬರ್ ಲೈನಿಗೆ ಮೆಗಾಬ್ಲಾಕ್ ಐತಿ, ಗಾಡಿ ಬಂದ್’ ಎಂದುಬಿಟ್ಟೆ. ಆ ಪಾರ್ಕು ಇರುವುದು ಹೈವೇ ಪಕ್ಕ, ಅಲ್ಲಿಗೆ ಲೋಕಲ್ ಗಾಡಿಯೇ ಹೋಗುವುದಿಲ್ಲ. ರೇಣುಕಾ ಈರುಳ್ಳಿ ಹೆಚ್ಚುತ್ತಿದ್ದಳು. ಕೈ ನಿಲ್ಲಿಸಲೂ ಇಲ್ಲ.

“ಅಹೋ, ನಮ್ಮಪ್ಪನೂ ಮುಂದಿನ ವರ್ಷ ಅಂದಿದ್ದ. ನೀವೂ ಹಂಗ ಅನ್ನಾಕ ಹತ್ತೀರಿ. ಇರ್ಲಿ. ಇನ್ನ ನಾ ಕೇಳಂಗಿಲ್ಲ,” ಎಂದಳು.

ಸಿಟ್ಟಿನಿಂದ ಅಂದಿದ್ದರೆ ಚೆನ್ನಾಗಿತ್ತು. ಸಿಟ್ಟಿಗೆ ನನ್ನಲ್ಲಿ ಔಷಧ ಉಂಟು, ಎರಡು ವಡಾಪಾವ್ ತಂದರೆ ಇಳಿಯುತ್ತದೆ. ಇದು ಸಿಟ್ಟಲ್ಲ. ಅಂಗಡಿಯವ ಷಟರ್ ಎಳೆಯುವಾಗ ಗಿರಾಕಿಯನ್ನು ನೋಡುವುದೂ ಇಲ್ಲವಲ್ಲ, ಹಾಗೆ. ಅವತ್ತಿನಿಂದ ಅವಳು ನಿಜವಾಗಿಯೂ ಕೇಳಲಿಲ್ಲ. ಪಾರ್ಕಲ್ಲ, ಏನನ್ನೂ ಕೇಳಲಿಲ್ಲ. ಪೇಟೆಗೆ ಹೋದಾಗ ‘ಏನಾದರೂ ಬೇಕೇನ?’ ಎಂದರೆ ‘ನಕೋ’ ಅನ್ನುತ್ತಿದ್ದಳು. ಜಿಪುಣನಿಗೆ ಇಂಥ ಹೆಂಡತಿ ಸಿಕ್ಕರೆ ಹಬ್ಬ. ನಾನು ಜಿಪುಣನಲ್ಲ ಎಂದು ಮೊದಲೇ ಹೇಳಿದ್ದೇನಲ್ಲ, ಕೇಳದಿದ್ದರೂ ಎರಡು ವಡಾಪಾವ್ ತಂದೆ, ಅವು ತಟ್ಟೆಯಲ್ಲೇ ತಣ್ಣಗಾದವು.

ಹೀಗಿರುವಾಗ ಒಂದು ದಿನ ಚಹದ ಟಪರಿಯಲ್ಲಿ ನಮ್ಮ ಟೋಳಿಯ ಸಿದ್ಯಾ ಮೊಬೈಲು ಹಿಡಿದುಕೊಂಡು ಓಡಿ ಬಂದ.

“ಏ ಮಲ್ಯಾ, ನಿನ್ನ ಬರ್ತ್‌ಡೇ ಯಾವಾಗಲೇ?”

“ನನಗೆಲ್ಲಿ ಬರ್ತ್‌ಡೇ ಲೇ? ನಾ ಏನ್ ನಗರಸೇವಕ ಏನ, ಬ್ಯಾನರ್ ಹಾಕಾಕ?”

“ಆಧಾರದಾಗ ಏನೈತಿ ಹೇಳು.”

“ಒಂದು ಜೂನ್.”

“ನಂದೂ ಒಂದು ಜೂನ್! ಹಣಮ್ಯಾಂದೂ ಒಂದು ಜೂನ್! ಇಡೀ ಟೋಳೀದು ಒಂದು ಜೂನ್! ಇಲ್ಲಿ ನೋಡು, ಬರ್ತ್‌ಡೇ ಇದ್ದವರಿಗೆ ಪಾರ್ಕ್ ಫ್ರೀ ಐತಿ!”

ಇದನ್ನು ಓದುವ ಮುಂಬೈ ಕಡೆಯವರಿಗೆ ಅನುಮಾನ ಬರಬಹುದು. ಊರ ಕಡೆಯವರಿಗೆ ಬರುವುದಿಲ್ಲ. ನಮ್ಮ ಹೆಡ್‌ಮಾಸ್ತರು ಶಾಲೆಗೆ ಹೆಸರು ಹಚ್ಚುವಾಗ ಹುಟ್ಟಿದ ದಿನ ಕೇಳುತ್ತಿದ್ದರು. ನಮ್ಮವ್ವ ಹೇಳಿದ್ದು ಹೀಗೆ: “ಸೀಗಿ ಹುಣ್ಣಿವಿ ಮುಂದ ಮೂರು ದಿನ ಇತ್ರಿ ಸರ, ಗಂಗವ್ವನ ಎಮ್ಮಿ ಕಳದಿತ್ರಿ, ಎಲ್ಲಾರೂ ಹುಡುಕಾಕ ಹೋಗಿದ್ರು, ಆವಾಗ ಇವ ಹುಟ್ಯಾನ್ರಿ.” ಮಾಸ್ತರು ಎಲ್ಲವನ್ನೂ ಗಮನವಿಟ್ಟು ಕೇಳಿ, ಎಮ್ಮೆ ಸಿಕ್ಕಿತೋ ಇಲ್ಲವೋ ಎಂದೂ ವಿಚಾರಿಸಿ, ಜೂನ್ ಒಂದು ಎಂದು ಬರೆದರು. ಜೂನ್ ಒಂದಕ್ಕೆ ಶಾಲೆ ಸುರು, ಅಂದಿಗೆ ವಯಸ್ಸು ತುಂಬಿದ ಲೆಕ್ಕ ಸರಿಹೋಗುತ್ತದೆ, ಅವರಿಗೆ ಅಷ್ಟೇ ಬೇಕಾಗಿತ್ತು. ನಮ್ಮ ವರ್ಗದಲ್ಲಿ ನಲವತ್ತು ಹುಡುಗರು, ನಲವತ್ತಕ್ಕೂ ಒಂದೇ ಹುಟ್ಟಿದ ದಿನ. ಎಲ್ಲರಿಗೂ ಒಂದೇ ದಿನ ಹುಟ್ಟುಹಬ್ಬ ಬಂದರೆ ಅದು ಯಾರ ಹುಟ್ಟುಹಬ್ಬವೂ ಅಲ್ಲ. ಚಾಕಲೇಟು ಹಂಚುವವರು ಯಾರು, ತಿನ್ನುವವರು ಯಾರು? ರೇಣುಕಾಳದು ಹಾಗಲ್ಲ. ಅವಳು ಮುನಸಿಪಾಲಿಟಿ ದವಾಖಾನೆಯಲ್ಲಿ ಹುಟ್ಟಿದವಳು, ಕಾಗದದ ಮೇಲೆ ಗಂಟೆ, ನಿಮಿಷ, ತೂಕ ಎಲ್ಲ ಬರೆದಿದೆ. ನಾನು ಹುಟ್ಟಿದ್ದಕ್ಕೆ ಸಾಕ್ಷಿ ಒಂದು ಎಮ್ಮೆ.

ಈ ವರ್ಷ ಜೂನ್ ಒಂದು ರವಿವಾರ ಬಂದಿತ್ತು, ಬಜಾರ ಬಂದ್. ಸಿದ್ಯಾ ಮೊಬೈಲಿನಲ್ಲಿದ್ದದ್ದನ್ನು ಓದಿ ಹೇಳಿದ: ಒಂದು ಫುಲ್ ಟಿಕೆಟ್ ಕೊಂಡರೆ ಜೊತೆಗೆ ಬರ್ತ್‌ಡೇ ಇದ್ದವರಿಗೆ ಉಚಿತ. “ಇದ್ದವರಿಗೆ ಅಂದಾರ, ಒಬ್ಬರಿಗೆ ಅಂದಿಲ್ಲ,” ಎಂದು ಬೆರಳಿಟ್ಟು ತೋರಿಸಿದ. ಅಲ್ಲಿಗೆ ತೀರ್ಮಾನವಾಯಿತು. ರೇಣುಕಾಗೆ ಫುಲ್ ಟಿಕೆಟ್, ಅವಳ ಹಿಂದೆ ನಾವು ಏಳು ಜನ ಫ್ರೀ. ಮನೆಗೆ ಹೋಗಿ, ದೊಡ್ಡ ಮನಸ್ಸು ಮಾಡಿದವನಂತೆ ಮುಖ ಮಾಡಿಕೊಂಡು, ‘ಒಂದನೇ ತಾರೀಖ ಪಾರ್ಕಿಗೆ ಹೋಗೂಣು’ ಎಂದೆ. ಅವಳು ನನ್ನ ಮುಖ ನೋಡಿದಳು. ತಿಂಗಳಾದ ಮೇಲೆ ಮೊದಲ ಸಲ ಸರಿಯಾಗಿ ನೋಡಿದ್ದು.

“ಖರೇನ? ನಾವಿಬ್ರ?”

“ನಾವಿಬ್ರು,” ಎಂದೆ. “ಮತ್ತ ಟೋಳಿ.”

ಅವಳು ಬೆರಳು ಮಡಚಿ ಟೋಳಿಯ ತಲೆ ಎಣಿಸಿದಳು. ಆಮೇಲೆ, “ಹೋಗ್ಲಿ ಬಿಡ್ರಿ, ಪಿಕ್ನಿಕ್ ಅಂದ್ರ ಬಸ್ ತುಂಬಾ ಮಂದಿ ಬೇಕಲ್ಲ,” ಎಂದಳು. ನಕ್ಕಳು ಕೂಡ. ತೋರಿಸಲೆಂದು ನಾನು ತಂದಿದ್ದ ಸಿದ್ಯಾನ ಮೊಬೈಲು ತೆಗೆದುಕೊಂಡು ಆ ಜಾಹೀರಾತು ಓದಿ, “ಕೆಳಗ ಬಾರೀಕ ಅಕ್ಷರದಾಗ ಏನೋ ಬರದಾರ,” ಎಂದಳು. ಸಿದ್ಯಾನ ಮೊಬೈಲಿನ ಗಾಜು ಸರಿಯಾಗಿ ಅಲ್ಲೇ ಒಡೆದಿತ್ತು. ಒಡೆದ ಕಡೆ ಓದುವ ತ್ರಾಸು ಯಾರೂ ತೆಗೆದುಕೊಳ್ಳಲಿಲ್ಲ.

ಪಾರ್ಕಿನ ಹೆಸರು ಹೇಳುವುದಿಲ್ಲ, ಪುಕ್ಕಟೆ ಜಾಹೀರಾತು ಯಾಕೆ ಕೊಡಬೇಕು? ಒಂದು ಖಾಲಿ ಟೆಂಪೋ ಸಿಕ್ಕಿತು. ಟೋಳಿಯವರು ಎಣ್ಣೆ ಹಚ್ಚಿ ತಲೆ ಬಾಚಿ, ಲಗ್ನದಲ್ಲಿ ಹಾಕಿದ್ದ ಅಂಗಿ ತೊಟ್ಟು ಬಂದರು. ಸಿದ್ಯಾ ಕರಿ ಚಷ್ಮಾ ಹಾಕಿದ್ದ. “ವೈನಿ, ಇವತ್ತು ನೀವು ಒಲಿ ಹಚ್ಚೂದು ಬ್ಯಾಡ,” ಎಂದು ಖಾನಾವಳಿಯಿಂದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಎಲ್ಲ ತಾವೇ ಕಟ್ಟಿಸಿ ತಂದಿದ್ದರು. ರೇಣುಕಾ ಹಳದಿ ಡ್ರೆಸ್ ಹಾಕಿಕೊಂಡು ಡ್ರೈವರನ ಪಕ್ಕ ಕೂತಳು. ನಾವು ಏಳು ಮಂದಿ ಹಿಂದೆ, ಮಾಲಿನಂತೆ.

ಟಿಕೆಟ್ ಖಿಡಕಿಯಲ್ಲಿ ಟೋಪಿ ಹಾಕಿದ ಹುಡುಗಿ ಕೂತಿದ್ದಳು. ಮೊದಲು ರೇಣುಕಾಳ ಫುಲ್ ಟಿಕೆಟ್ ತೆಗೆದೆ. ನೋಟುಗಳನ್ನು ಹುಡುಗಿ ಆ ಕಡೆಯಿಂದ ಎಳೆದಳು, ನನ್ನ ಬೆರಳು ಈ ಕಡೆಯಿಂದ ಬಿಡಲಿಲ್ಲ, ರೇಣುಕಾ ಮೊಣಕೈಯಿಂದ ತಿವಿದ ಮೇಲೆ ಬಿಟ್ಟವು. ಆಮೇಲೆ ನನ್ನ ಆಧಾರ ಕೊಟ್ಟೆ. ಹುಡುಗಿ ಹಲ್ಲು ಕಾಣಿಸಿ, “ಹ್ಯಾಪಿ ಬರ್ತ್‌ಡೇ ಸರ್!” ಎಂದಳು. ನನ್ನ ಜೀವಮಾನದಲ್ಲಿ ಯಾರೂ ಹಾಗೆ ಅಂದಿರಲಿಲ್ಲ, ಮೈ ಜುಮ್ಮೆಂದಿತು. ಸಿದ್ಯಾ ತನ್ನದು ಕೊಟ್ಟ. “ಹ್ಯಾಪಿ ಬರ್ತ್‌ಡೇ ಸರ್.” ಹಣಮ್ಯಾ ಕೊಟ್ಟ. “ಹ್ಯಾಪಿ...” ಎಂದವಳು ನಿಲ್ಲಿಸಿದಳು. ನಾಲ್ಕನೆಯ ಕಾರ್ಡು ನೋಡಿ ಹಲ್ಲು ಒಳಗೆ ಹೋಯಿತು. ಕತ್ತು ಉದ್ದ ಮಾಡಿ, ಹಿಂದೆ ಎಣ್ಣೆ ಹಚ್ಚಿ ಬಾಚಿಕೊಂಡು ನಿಂತ ಉಳಿದ ಮೂರು ತಲೆಗಳನ್ನು ನೋಡಿದಳು.

“ಸಗಳ್ಯಾಂಚಾ ಬರ್ತ್‌ಡೇ ಏಕಚ್ ದಿವಶೀ?” ಎಂದಳು, ಎಲ್ಲರದ್ದೂ ಒಂದೇ ದಿನವೇ ಅಂತ.

“ಹೋ ತಾಯಿ,” ಎಂದ ಸಿದ್ಯಾ ಹೆಮ್ಮೆಯಿಂದ. “ಪೂರಾ ಗಾವಾಚಾ.”

ಇಡೀ ಊರಿನದೇ ಎಂದದ್ದು ಕೆಟ್ಟಿತು. ಅವಳು ಸೆಕ್ಯುರಿಟಿಯನ್ನು ಕರೆದಳು, ಸೆಕ್ಯುರಿಟಿ ಸುಪರವೈಸರನನ್ನು ಕರೆದ. ಟೈ ಕಟ್ಟಿದ ನಡುವಯಸ್ಸಿನ ಗೃಹಸ್ಥ ಬಂದು ಏಳು ಕಾರ್ಡುಗಳನ್ನೂ ಇಸ್ಪೀಟಿನಂತೆ ಹರಡಿ ಹಿಡಿದು, ಇವನ್ನೆಲ್ಲ ಎಲ್ಲಿ ಮಾಡಿಸಿದಿರಿ ಎಂದು ಹಿಂದಿಯಲ್ಲಿ ಕೇಳಿದರು. ಅವರ ದನಿಯಲ್ಲಿ ಪೊಲೀಸ್ ಚೌಕಿಯ ವಾಸನೆ ಇತ್ತು. ಹಣಮ್ಯಾ ಬೆವರಿದ. ಸಿದ್ಯಾ ನನ್ನ ಕಿವಿಯಲ್ಲಿ, “ಮಾಸ್ತರ್ ಬರದಾನ ಅಂತ ಹಿಂದ್ಯಾಗ ಹೆಂಗ ಹೇಳೂದಲೇ?” ಎಂದ. ಅವನ ಪಿಸುಮಾತು ಎಂದರೆ ಕ್ರೇನಿನವನಿಗೆ ಕೇಳಿಸುವಷ್ಟು ಇರುತ್ತದೆ. ಸುಪರವೈಸರರ ಹುಬ್ಬು ಮೇಲೆ ಹೋಯಿತು.

“ಎಂತ ಮಾರಾಯ್ರೆ, ಕನ್ನಡದವರಾ ನೀವು?” ಎಂದರು. ಉಡುಪಿ ಕಡೆಯವರು. “ಮೊದಲೇ ಹೇಳ್ಬಾರ್ದಾ?”

“ಸಾಹೇಬ್ರ, ನಮ್ಮ ಹೆಡ್‌ಮಾಸ್ತರು ಎಲ್ಲಾರದೂ...” ಎಂದು ನಾನು ಸುರು ಮಾಡಿದೆ.

“ಗೊತ್ತುಂಟು, ಗೊತ್ತುಂಟು. ಜೂನ್ ಒಂದು.” ಅವರು ಕಿಸೆಯಿಂದ ತಮ್ಮ ಲೈಸನ್ಸ್ ತೆಗೆದು ನಮ್ಮ ಏಳು ಕಾರ್ಡುಗಳ ಪಕ್ಕ ಹಿಡಿದರು. ಅದರಲ್ಲೂ ಜೂನ್ ಒಂದು. “ಅಮ್ಮ ಹೇಳುದು ನಾನು ದೀಪಾವಳಿ ಹೊತ್ತಿಗೆ ಹುಟ್ಟಿದ್ದಂತೆ. ನಮ್ಮ ಮಾಷ್ಟ್ರು ಸಹ ಕೇಳ್ಲಿಲ್ಲ.”

ಟೋಳಿ ಹೋ ಎಂದು ಕೂಗಿತು. ಸಿದ್ಯಾ ಬುತ್ತಿ ಬಿಚ್ಚಿ ಒಂದು ಶೇಂಗಾ ಹೋಳಿಗೆಯನ್ನು ಸಾಹೇಬರ ಕೈಗೇ ಇಟ್ಟು, “ಹ್ಯಾಪಿ ಬರ್ತ್‌ಡೇ ಅಣ್ಣಾ!” ಎಂದ. ಅವರು ಅತ್ತಿತ್ತ ನೋಡಿ ಅದನ್ನು ತಿಂದರು, ಎರಡನೆಯದನ್ನೂ ತಿಂದರು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ಆಮೇಲೆ ಹೇಳಿದರು: “ಆದ್ರೆ ಒಂದು ಫುಲ್ ಟಿಕೆಟಿಗೆ ಒಬ್ಬರಿಗೇ ಫ್ರೀ ಇರುದು. ಕೆಳಗೆ ಬರ್ದಿದೆ ನೋಡಿ. ನಾನು ಬಿಟ್ರೂ ಕಂಪ್ಯೂಟರ್ ಬಿಡುದಿಲ್ಲ.”

ಒಡೆದ ಗಾಜಿನ ಕೆಳಗೆ ಇದ್ದದ್ದು ಅದು. ಎರಡು ಹೋಳಿಗೆ ಹೊಟ್ಟೆಗೆ ಹೋಗಿಯಾಗಿತ್ತು, ವಾಪಸು ಕೇಳುವಂತಿರಲಿಲ್ಲ.

ಇಲ್ಲಿ ನಾನು ಮಾಡಿದ್ದು ಹೇಳಲು ನಾಚಿಕೆಯಾಗುತ್ತದೆ. ನಮ್ಮ ಹಮಾಲಿಯಲ್ಲಿ ಒಂದು ಪದ್ಧತಿ ಉಂಟು. ಟೋಳಿ ಒಟ್ಟಿಗೆ ಗಾಡಿಗೆ ಕೈ ಹಚ್ಚುತ್ತದೆ, ಒಟ್ಟಿಗೆ ಕೈ ಬಿಡುತ್ತದೆ. ಆರು ಜನರನ್ನು ಬಿಸಿಲಲ್ಲಿ ಬಿಟ್ಟು ಒಬ್ಬ ನೆರಳಿಗೆ ಹೋಗುವ ಹಾಗಿಲ್ಲ. ಅದು ನನ್ನ ರಕ್ತದಲ್ಲಿ ಸೇರಿಬಿಟ್ಟಿದೆ. ಜೊತೆಗೆ, ಕೊಟ್ಟ ನೋಟು ಇನ್ನೂ ಆ ಹುಡುಗಿಯ ಗಲ್ಲಾಪೆಟ್ಟಿಗೆಯಲ್ಲಿ ಬೆಚ್ಚಗೆ ಇರಬಹುದು ಎಂಬ ವಿಚಾರವೂ ಬಂತು. ಯಾವುದು ಮೊದಲು ಬಂತು ಎಂದು ದಯವಿಟ್ಟು ಕೇಳಬೇಡಿ. “ಹಂಗಾದ್ರ ಬ್ಯಾಡ್ರಿ ಸಾಹೇಬ್ರ, ಟಿಕೆಟ್ ವಾಪಸ್ ತಗೋರಿ, ಎಲ್ಲಾರೂ ಒಟ್ಟಿಗೆ ಎಲ್ಯಾರ ಡ್ಯಾಮಿಗೆ ಹೋಗ್ತೀವಿ,” ಎಂದೆ.

ರೇಣುಕಾ ನನ್ನನ್ನು ನೋಡುತ್ತಿರಲಿಲ್ಲ. ಗೇಟಿನ ಕಂಬಿಗಳ ಆಚೆ, ಮರಗಳ ಮೇಲೆ ಏನೋ ತಿರುಗುತ್ತಿತ್ತು, ಅದನ್ನು ನೋಡುತ್ತಿದ್ದಳು. ನೋಡುತ್ತಲೇ ಎಡಗೈಯಿಂದ, ಬಲಗೈಗೆ ಆಗಲೇ ಕಟ್ಟಿದ್ದ ಟಿಕೆಟಿನ ಪಟ್ಟಿಯನ್ನು ಬಿಚ್ಚತೊಡಗಿದಳು. ಅವಳ ಮುಖದಲ್ಲಿ ಬೇಸರ ಇರಲಿಲ್ಲ. ಮೊದಲೇ ಗೊತ್ತಿದ್ದ ಹಾಗೆ ಇತ್ತು.

ಸಿದ್ಯಾ ಕರಿ ಚಷ್ಮಾ ತೆಗೆದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ. “ಏ ಹುಚ್ಚಪ್ಯಾಲಿ, ನಿನಗ ಬುದ್ಧಿ ಐತಿ ಇಲ್ಲ? ವೈನೀನ ಕರ್ಕೊಂಡು ಒಳಗ ನಡಿ. ನಮಗ ಆ ಮರದ ನೆಳ್ಳು ಫ್ರೀ ಐತಿ, ಬುತ್ತಿ ಐತಿ. ವೈನಿ, ಅದನ್ನ ಬಿಚ್ಚಬ್ಯಾಡ್ರಿ, ಇವಂದು ಏನ್ ಕೇಳ್ತೀರಿ!” ಆರೂ ಮಂದಿ ಸೇರಿ ಗಾಡಿಗೆ ಮಾಲು ತುಂಬುವ ಹಾಗೆ ನನ್ನನ್ನು ಗೇಟಿನೊಳಗೆ ದಬ್ಬಿದರು.

ಒಳಗೆ ಹೋದದ್ದೇ ನನ್ನ ಕೆಲಸದ ಬುದ್ಧಿ ಎಚ್ಚರವಾಯಿತು. ರೊಕ್ಕ ಕೊಟ್ಟದ್ದಂತೂ ಆಯಿತು, ಇನ್ನು ವಸೂಲು ಮಾಡಬೇಕು. ಗಾಡಿ ಬಂದರೆ ತಳ ಕಾಣುವ ತನಕ ಇಳಿಸುವುದು ನಮ್ಮ ರೀತಿ. ಕೈಯಲ್ಲಿ ನಕ್ಷೆ ಕೊಟ್ಟಿದ್ದರು, ಮೂವತ್ತಕ್ಕೂ ಹೆಚ್ಚು ಆಟ. ಈ ಮೂಲೆಯಿಂದ ಹಿಡಿದು ಆ ಮೂಲೆಗೆ, ಒಂದನ್ನೂ ಬಿಡದೆ, ಊಟಕ್ಕೆ ನಿಲ್ಲದೆ ಹೋದರೆ ಸಂಜೆ ಆರಕ್ಕೆ ಖಾಲಿ ಮಾಡಬಹುದು ಎಂದು ರೇಣುಕಾಗೆ ತಿಳಿಸಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಮೊದಲ ಆಟ ದಾಟಿ, ಎರಡನೆಯದು ದಾಟಿ, ಹತ್ತು ದಾಟಿ ಸೀದಾ ನಡೆದಳು. ನಿಂತದ್ದು ಗೇಟಿನ ಹೊರಗಿನಿಂದ ಕಾಣುತ್ತಿದ್ದ ಆ ತಿರುಗುವ ವಸ್ತುವಿನ ಮುಂದೆ. ದೊಡ್ಡ ಕೊಡೆಯಂಥ ಚಾವಣಿ, ಅದರ ಅಂಚಿನಿಂದ ಸರಪಳಿಗಳಲ್ಲಿ ನೇತಾಡುವ ಇಬ್ಬಿಬ್ಬರು ಕೂರುವ ಕುರ್ಚಿಗಳು. ಕೊಡೆ ಮೇಲಕ್ಕೆ ಏರಿ ತಿರುಗುತ್ತದೆ, ಕುರ್ಚಿಗಳು ಹೊರಕ್ಕೆ ಹಾರುತ್ತವೆ, ಅಷ್ಟೇ.

“ಪಿಕ್ನಿಕ್ಕಿಗೆ ಹೋದವರು ಒಂದು ತಿಂಗಳು ಇದರದ ಮಾತಾಡಿದ್ರು,” ಎಂದಳು ರೇಣುಕಾ. “ಅಶ್ವಿನೀದು ಒಂದು ಚಪ್ಪಲ್ ಮ್ಯಾಲಿಂದ ಬಿದ್ದಿತ್ತಂತ. ಒಂದ ಕಾಲಾಗ ಚಪ್ಪಲ್ ಹಾಕ್ಕೊಂಡು ಮನಿಗೆ ಬಂದಿದ್ಳು. ನನಗ ಎಷ್ಟ್ ಹೊಟ್ಟಿ ಉರೀತು ಅಂತೀರಿ.”

ನಾನು ಸರಪಳಿ ನೋಡುತ್ತಿದ್ದೆ. ಇದು ನನ್ನ ದಂಧೆಯ ಶಾಪ. ಬೇರೆಯವರು ಆಟ ನೋಡಿದರೆ ನಾನು ಬೋಲ್ಟು ನೋಡುತ್ತೇನೆ. ಸರಪಳಿ ದಪ್ಪಗಿತ್ತು, ಬೋಲ್ಟುಗಳೂ ಸರಿಯಾಗಿದ್ದವು, ಎಲ್ಲದಕ್ಕೂ ಚೆಂದದ ಗುಲಾಬಿ ಬಣ್ಣ ಬಳಿದಿದ್ದರು. ಅದೇ ನನಗೆ ಹೆದರಿಕೆ. ಗುಲಾಬಿ ಬಣ್ಣದ ಕಬ್ಬಿಣವನ್ನು ನಾನು ಯಾವತ್ತೂ ನಂಬಿದವನಲ್ಲ. ನೇತಾಡುವ ಮಾಲಿನ ಕೆಳಗೆ ನಿಲ್ಲಬಾರದು ಎಂದು ಮೊದಲ ದಿನವೇ ಕಲಿಸುತ್ತಾರೆ. ನೇತಾಡುವ ಮಾಲೇ ಆಗು ಎಂದು ಯಾವ ಮುಕಾದಮನೂ ಹೇಳಿಲ್ಲ. “ನೀ ಹೋಗಿ ಬಾ, ನಾ ಚಪ್ಪಲ್ ಹಿಡ್ಕೊಂಡ ನಿಂತಿರ್ತೀನಿ,” ಎಂದೆ.

ಅವಳು ಹೋದಳು. ಏರಿದಳು, ಹಾರಿದಳು, ಇಳಿದಳು. ಇಳಿದವಳು ನನ್ನ ಕಡೆ ಬರದೆ ಮತ್ತೆ ಪಾಳಿಯಲ್ಲಿ ಹೋಗಿ ನಿಂತಳು. ಸರಿ, ಒಂದು ಸಲಕ್ಕೆ ತೃಪ್ತಿಯಾಗಿಲ್ಲ ಅಂದುಕೊಂಡೆ. ಮೂರನೇ ಸಲವೂ ಹೋಗಿ ನಿಂತಾಗ ನನ್ನ ಎದೆ ಹೊಡೆದುಕೊಂಡಿತು. ಗಾಡಿಯಲ್ಲಿ ಮೂವತ್ತು ಪೈಪುಗಳಿವೆ, ಇವಳು ಒಂದೇ ಪೈಪನ್ನು ಇಳಿಸುತ್ತಾಳೆ, ಏರಿಸುತ್ತಾಳೆ, ಮತ್ತೆ ಇಳಿಸುತ್ತಾಳೆ! ಕಟಕಟೆಯ ಈ ಕಡೆಯಿಂದ, “ಏ, ಉಳದವು ಹಂಗ ಅದಾವ!” ಎಂದು ಕೂಗಿದೆ. “ಇರ್ಲಿ ಅಲ್ಲೇ!” ಎಂದು ಕೂಗಿದಳು. ನನ್ನ ಪಾಲಿನದಾದರೂ ವಸೂಲಾಗಲಿ ಎಂದು ಅವಳ ಚಪ್ಪಲಿ ಹಿಡಿದುಕೊಂಡೇ ನಾನು ಬೇರೆ ಆಟಗಳಿಗೆ ಹೋದೆ. ಪುಟಾಣಿ ರೈಲಿನವನು ನನ್ನ ಎತ್ತರ ನೋಡಿ ಹೊರಗೆ ಕಳಿಸಿದ. ಭೂತದ ಮನೆಯೊಳಗೆ ಹೋದೆ, ಕತ್ತಲಲ್ಲಿ ಒಂದು ಎಲುಬಿನ ಗೂಡು ಮೈಮೇಲೆ ಬಂತು, ಗಾಬರಿಯಲ್ಲಿ ಚಪ್ಪಲಿಯಿಂದ ಅದಕ್ಕೆ ಒಂದು ಬಾರಿಸಿದೆ. ಒಳಗಿದ್ದ ಮನುಷ್ಯ ಹಿಂದಿಯಲ್ಲಿ ಬೈದ. ಕ್ಷಮೆ ಕೇಳಿ ಹೊರಗೆ ಬಂದು, ಮತ್ತೆ ಆ ಗುಲಾಬಿ ಕೊಡೆಯ ಕೆಳಗೇ ನಿಂತೆ. ಅಲ್ಲ, ಕೆಳಗಲ್ಲ, ಎಂಟು ಮಾರು ದೂರ.

ಏಳು ಸಲ ಹೋದಳು. ನಡುವೆ ಒಂದು ಸಲ ಬಂದು ನೀರು ಕುಡಿದಳು, ಒಂದು ಸಲ ಇಬ್ಬರೂ ಸೇರಿ ಒಂದು ಪಾವ್‌ಭಾಜಿ ತಿಂದೆವು. ಅದರ ದರ ಹೇಳಿ ನಿಮ್ಮ ಬಾಯಿ ಕೆಡಿಸುವುದಿಲ್ಲ. ಆಮೇಲೆ ಅವಳು ನನ್ನ ಕೈಯಿಂದ ಚಪ್ಪಲಿ ಇಸಿದುಕೊಂಡು ಕಾಲಿಗೆ ಹಾಕಿಕೊಂಡಳು.

“ಅಹೋ, ಈ ಸಲ ನೀವೂ ಬರ್ರಿ.”

“ಚಪ್ಪಲ್ ಯಾರ ಹಿಡೀಬೇಕು?”

“ಬಿದ್ರ ಬೀಳ್ಲಿ. ಅಂಜಿಕಿ ಏನ?”

“ಅಂಜಿಕಿ ಯಾಕ? ದಿನಾ ಇಷ್ಟಿಷ್ಟ್ ದಪ್ಪ ಸರಪಳಿ ಜೊತಿ ಆಟ ಆಡಾಂವ ನಾ.”

“ಹಂಗಾದ್ರ ನಡೀರಿ. ಒಬ್ಬಾಕೀನ ಏಳು ಸಲ ಹೋದೆ. ಪ್ರತಿ ಸಲ ಬಾಜೂ ಜಾಗಾ ಖಾಲೀನ ಇತ್ತು.”

ಅದನ್ನು ಅವಳು ದೂರಿನ ಹಾಗೆ ಹೇಳಲಿಲ್ಲ. ಆದರೆ ನಾನು ಸುಮ್ಮನೆ ಹೋಗಿ ಕೂತೆ. ಹೊಟ್ಟೆಗೆ ಅಡ್ಡ ಕಂಬಿ ಹಾಕಿದರು. ಗಂಟೆ ಹೊಡೆಯಿತು. ಕಾಲಿನ ಕೆಳಗಿನ ನೆಲ ಕೆಳಗೇ ಉಳಿಯಿತು. ಕೊಡೆ ತಿರುಗತೊಡಗಿದ ಕೂಡಲೇ ನನ್ನ ಕಣ್ಣು ಮುಚ್ಚಿಕೊಂಡಿತು, ಬಾಯಿ ತೆರೆದುಕೊಂಡಿತು. ಬಾಯಿಯಿಂದ ಬಂದದ್ದು ದೇವರ ಹೆಸರಲ್ಲ. ನಮ್ಮ ಕ್ರೇನಿನ ಕೆಲಸದಲ್ಲಿ ಮಾಲು ಇಳಿಸು ಎನ್ನಲು ‘ಆರಿಯಾ’ ಎಂದು ಕೂಗುತ್ತೇವೆ. ಇಡೀ ಬಜಾರದಲ್ಲಿ ಆ ಕೂಗಿಗೆ ಇಳಿಯದ ಕೊಕ್ಕೆ ಇಲ್ಲ. ನಾನು ಜೀವ ಹೋಗುವಂತೆ, “ಆರಿಯಾ! ಏ, ಆರಿಯಾ!” ಎಂದು ಅರಚಿದೆ.

ಆಟ ನಡೆಸುವವನಿಗೆ ಅದು ತಿಳಿಯಲಿಲ್ಲ. ಆದರೆ ಹಿಂದಿನ ಕುರ್ಚಿಯ ಕಾಲೇಜು ಹುಡುಗರಿಗೆ ಬಹಳ ಚೆನ್ನಾಗಿ ಕೇಳಿಸಿತು. ಅದು ಖುಷಿಯ ಘೋಷಣೆ ಅಂದುಕೊಂಡು ಅವರೂ “ಆರಿಯಾ!” ಎಂದರು. ಮುಂದಿನ ಕುರ್ಚಿಯ ಗುಜರಾತಿ ಸಂಸಾರ “ಆರಿಯಾ!” ಎಂದಿತು. ನಾನು ಇಳಿಸಿ ಎಂದು ಬೇಡಿಕೊಂಡಷ್ಟೂ ಇಡೀ ಕೊಡೆ ನನ್ನ ಜೊತೆ ಕೈ ಎತ್ತಿ ಕೂಗಿತು, ಕೆಳಗಿನ ಪಾಳಿಯವರೂ ಸೇರಿಕೊಂಡರು, ಆಟದವನು ಹುರುಪಿನಲ್ಲಿ ನಾಲ್ಕು ಸುತ್ತು ಹೆಚ್ಚೇ ತಿರುಗಿಸಿದ. ರೇಣುಕಾ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಮೂರು ವರ್ಷದಲ್ಲಿ ಕೇಳಿರಲಿಲ್ಲ. ಉಸಿರು ಸಿಗದೆ, ನಡುನಡುವೆ ಕೆಮ್ಮಿ, ಮತ್ತೆ ನಕ್ಕಳು. ಸರಪಳಿ ಬಿಟ್ಟು ಎರಡೂ ಕೈಯಿಂದ ನನ್ನ ತೋಳು ಹಿಡಿದುಕೊಂಡಿದ್ದಳು. ನಾನು ಹಿಡಿದುಕೊಂಡದ್ದು ಕಂಬಿಯನ್ನು, ಸುಳ್ಳು ಯಾಕೆ ಹೇಳಲಿ?

ಇಳಿದ ಮೇಲೆ ಒಂದು ಕಟ್ಟೆಯ ಮೇಲೆ ಕೂತು ಭೂಮಿ ನಿಲ್ಲುವುದನ್ನು ಕಾದೆ. ಚಪ್ಪಲಿ ಎರಡೂ ಅವಳ ಕಾಲಲ್ಲೇ ಇದ್ದವು.

“ಮ್ಯಾಲಿಂದ ಹೈವೇದ ಲಾರಿ ಹೆಂಗ ಕಾಣಸ್ತಾವ ನೋಡಿದ್ರೇನು?” ಎಂದಳು. “ಇರುವಿ ಸಾಲು ಹೋದಂಗ. ಗೇಟಿನ ಹೊರಗ ಮರದ ಬುಡಕ ಆರೂ ಮಂದಿ ಮಲಗ್ಯಾರ, ಪೈಪ್ ಜೋಡಿಸಿ ಇಟ್ಟಂಗ! ಸಿದ್ಯಾ ಭಾವುಜಿ ಬಾಯಿ ತಕ್ಕೊಂಡು ಬಿದ್ದಾರ. ನಿಮಗ ಏನ್ ಕಾಣಸ್ತು?”

“ನನಗ...” ಎಂದೆ.

“ಗೊತ್ತೈತಿ. ಕಣ್ಣ ತೆರೀಲಿಲ್ಲ. ಅರ್ಧಾ ಟಿಕೆಟ್ ವಾಯಾ ಹೋತು.”

ಇಂಥ ಮಾತು ನನ್ನದು, ಅವಳದಲ್ಲ. ನನ್ನ ಮಾತನ್ನೇ ನನಗೆ ಕೊಟ್ಟಳು. “ಹೋದ್ರ ಹೋಗ್ಲಿ, ನಂದು ಫ್ರೀ ಇತ್ತು,” ಎಂದೆ.

“ಅದಕ್ಕ ಮುಚ್ಚೀರಿ,” ಎಂದಳು ರೇಣುಕಾ. “ಪೂರಾ ರೊಕ್ಕ ಕೊಟ್ಟಿದ್ರ ತಾವ ತೆರೀತಿದ್ವು.”

ಹೊರಗೆ ಬಂದಾಗ ಟೋಳಿ ನಿದ್ದೆ ಮುಗಿಸಿ, ಬುತ್ತಿ ಮುಗಿಸಿ, ಡ್ಯೂಟಿ ಮುಗಿದ ಸುಪರವೈಸರರ ಜೊತೆ ಕೂತು ಇಸ್ಪೀಟು ಆಡುತ್ತಿತ್ತು. ಎಷ್ಟು ಆಟ ಆಡಿದಿರಿ ಎಂದು ಸಿದ್ಯಾ ಕೇಳಿದ. ಒಂದು ಎಂದೆ, ಭೂತದ ಮನೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅವನು ಹಣೆ ಚಚ್ಚಿಕೊಂಡ. “ಒಂದ ಆಟಕ್ಕ ಅಷ್ಟ್ ರೊಕ್ಕ ಕೊಟ್ಟೇನಲೇ? ಥೂ ನಿನ್ನ, ವಸೂಲ್ ಆತೇನ?”

ಈ ಪ್ರಶ್ನೆಗೆ ನಾನು ಇವತ್ತಿಗೂ ಸರಿಯಾದ ಉತ್ತರ ಹುಡುಕುತ್ತಿದ್ದೇನೆ. ಮೂವತ್ತು ಆಟದಲ್ಲಿ ಒಂದನ್ನೇ ಆಡಿದರೆ ಅದು ನಷ್ಟ, ಅದರಲ್ಲಿ ಎರಡು ಮಾತಿಲ್ಲ. ಆ ಟಿಕೆಟ್ ದುಬಾರಿಯೇ, ಪಾವ್‌ಭಾಜಿ ಅದಕ್ಕಿಂತ ದುಬಾರಿ. ಯಾರಾದರೂ ಕೇಳಿದರೆ ಹೋಗಬೇಡಿ ಎಂದೇ ಹೇಳುತ್ತೇನೆ. ಆದರೆ ಮರುದಿನ ಸಂಜೆ ನಾನು ಮನೆಗೆ ಹೋದಾಗ, ರೇಣುಕಾ ಬಾಗಿಲಲ್ಲೇ, “ಅಹೋ, ಬರುವಾಗ ಕೊತ್ತಂಬರಿ ತರ್ರಿ ಅಂತ ಫೋನ್ ಮಾಡಿದ್ದೆ, ಯಾಕ ತರ್ಲಿಲ್ಲ?” ಎಂದು ಬೈದಳು. ತಿಂಗಳಾದ ಮೇಲೆ ಅವಳು ನನ್ನನ್ನು ಏನನ್ನಾದರೂ ತಾ ಎಂದು ಕೇಳಿದ್ದು ಅದೇ ಮೊದಲು. ನಾನು ಚಪ್ಪಲಿ ಕೂಡ ಬಿಚ್ಚದೆ ತಿರುಗಿ ಹೋಗಿ ಎರಡು ಕಟ್ಟು ತಂದೆ. ಒಂದೇ ಸಾಕಾಗಿತ್ತು.

ಅವಳ ಹುಟ್ಟುಹಬ್ಬ ಆಗಸ್ಟಿನಲ್ಲಿ. ಅದು ಗಂಟೆ, ನಿಮಿಷ ಸಮೇತ ಖರೇ ಹುಟ್ಟುಹಬ್ಬ. ಅಂದರೆ ಆ ದಿನ ಅವಳು ಫ್ರೀ, ಫುಲ್ ಟಿಕೆಟ್ ನನ್ನದು. ಕಾಲೆಂಡರಿನಲ್ಲಿ ಆ ತಾರೀಖಿಗೆ ಅವಳು ಕೆಂಪು ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದಾಳೆ. ಮಳೆ ಇರುತ್ತದೆ ಎನ್ನಲು ಹೋದೆ, ಅವಳು ನೋಡಿದಳು, ಛತ್ರಿ ಒಯ್ಯೋಣ ಎಂದೆ. ಪೂರ್ತಿ ರೊಕ್ಕ ಕೊಟ್ಟು ಕಣ್ಣು ಮುಚ್ಚಿ ಕೂರುವುದು ಮಾತ್ರ ನನ್ನಿಂದ ಸಾಧ್ಯವಿಲ್ಲ, ಅದು ಸತ್ತರೂ ಆಗದು. ಅದಕ್ಕೆ ಈಗ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಕಾಮೋಠೆಯ ಗಾರ್ಡನ್ನಿಗೆ ಹೋಗಿ ಮಕ್ಕಳ ಜೋಕಾಲಿಯ ಮೇಲೆ ಕೂರುತ್ತೇನೆ. ಮೊನ್ನೆ ವಾಚ್‌ಮನ್ ಹಿಡಿದ. “ಓ ಕಾಕಾ, ಹೇ ಲಹಾನ್ ಮುಲಾಂಚಂ ಆಹೇ,” ಎಂದ. ಸಣ್ಣ ಮಕ್ಕಳದು ಎನ್ನಲಿ, ಅಡ್ಡಿಯಿಲ್ಲ. ಇಪ್ಪತ್ತೇಳು ವರ್ಷದವನನ್ನು ಕಾಕಾ ಅನ್ನುವುದೇ? ಆದರೂ ತಗ್ಗಿದ ದನಿಯಲ್ಲಿ, ಹೆಂಡತಿಯ ಜೊತೆ ದೊಡ್ಡ ಜೋಕಾಲಿಗೆ ಹೋಗುವುದಿದೆ, ಕಣ್ಣು ತೆರೆದು ಕೂರುವ ಪ್ರ್ಯಾಕ್ಟೀಸ್ ಮಾಡುತ್ತಿದ್ದೇನೆ ಎಂದು ಹೇಳಿದೆ. ಅವನು ನನ್ನ ಮುಖ ನೋಡಿದ. ಗಾರ್ಡನ್ನಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಆಮೇಲೆ ಲಾಠಿಯನ್ನು ಬೆಂಚಿನ ಮೇಲಿಟ್ಟು ನನ್ನ ಹಿಂದೆ ಬಂದು, ಒಂದು ಒಳ್ಳೆಯ ನೂಕು ನೂಕಿದ. ನನ್ನ ಕಣ್ಣು ಮುಚ್ಚಿಕೊಂಡಿತು.